ಗಿಡ್ಡಿ ದಿಬ್ಬ ಹತ್ತಿದ್ದನ್ನು ಬರೆಯುವುದು ಹೇಗೆ

೧

ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮನ್ನೇ ಕೇಳುತ್ತಿದ್ದೇನೆ. ಉಗಿಬಂಡಿಯ ಕಥೆಯೆಂದರೆ ಹೊಗೆಯಿಂದಲೇ ಶುರುವಾಗಬೇಕು ಎಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ನನಗೂ ಇತ್ತು. ಹಾಗೆಯೇ ಬರೆದೆ: "ಅಲ್ಲಾಳಸಂದ್ರದ ಕೆರೆಯ ಮೇಲೆ ಮಂಜು ಮುಸುಕಿತ್ತು. ಆ ಮಂಜನ್ನು ಸೀಳಿಕೊಂಡು ಕಪ್ಪು ಹೊಗೆಯೊಂದು ಮೇಲೆದ್ದಿತು..." ಅಷ್ಟನ್ನು, ಆ ಬಂಡಿಗೆ ಬೆಂಕಿ ಹಚ್ಚಿ ಓಡಿಸಿದ ಆಶಾರಾಣಿಗೆ ವಾಟ್ಸಾಪ್ ಮಾಡಿ ಹೊಗಳಿಕೆಗೆ ಕಾದು ಕೂತೆ. ಫೋನು ಬಂತು.

"ಕಪ್ಪು ಹೊಗೆ ಅಂತ ಯಾಕ್ ಬರ್ದಿದೀರ ಸಾರ್? ಕಪ್ಪಗೆ ಬಂತು ಅಂದ್ರೆ ಬೆಂಕಿಗೆ ಗಾಳಿ ಸಾಲ್ತಿಲ್ಲ ಅಂತ. ಓದ್ದೋರು ಏನಂದ್ಕೋತಾರೆ? ಇವ್ಳಿಗೆ ಒಲೆ ಹಚ್ಚೋಕೂ ಬರಲ್ಲ ಅಂತಾರೆ."

"ಅದು ವಾತಾವರಣಕ್ಕೋಸ್ಕರ..."

"ವಾತಾವರಣ ಕೆಡ್ಸೋದೇ ಅದು ಸಾರ್."

ಮೊದಲ ಕರಡು ಅಲ್ಲಿಗೆ ಸತ್ತಿತು. (ಮಂಜೂ ಸುಳ್ಳಾಗಿತ್ತು. ಆ ದಿನ ಬೆಳಗ್ಗೆ ಯಲಹಂಕದಲ್ಲಿ ಕಣ್ಣು ಚುಚ್ಚುವ ಬಿಸಿಲು.)

೨

ಎರಡನೆಯ ಕರಡಿನಲ್ಲಿ ಎಂಜಿನ್ನಿನ ಬಾಯಿಂದಲೇ ಕಥೆ ಹೇಳಿಸಿದೆ. "ನಾನು ಗಿಡ್ಡಿ. ನನ್ನೆದೆಯಲ್ಲಿ ಬೆಂಕಿಯಿದೆ, ಕಣ್ಣಲ್ಲಿ ನೀರಿದೆ..." ಇದನ್ನು ಕಳಿಸುವ ಧೈರ್ಯವಾಗದೆ ಫೋನಿನಲ್ಲಿ ಓದಿ ಹೇಳಿದೆ. ಆಶಾರಾಣಿ, "ಅದು ಮಾತಾಡೋ ಹಂಗಿದ್ರೆ ಮೊದ್ಲು ನಿಮ್ಗೇ ಬೈತಿತ್ತು ಸಾರ್," ಎಂದಳು.

ಮೂರನೆಯ ಕರಡನ್ನು ನಾನೇ ಹರಿದೆ. ಅದರ ವಿಷಯ ಬೇಡ.

೪

ಸರಿ, ಊರಲ್ಲಿ ಎಲ್ಲರೂ ಹೇಳುವ ಹಾಗೆ ನೆಟ್ಟಗೆ ಹೇಳಿಬಿಡುತ್ತೇನೆ.

ಅಲ್ಲಾಳಸಂದ್ರದ ಕೆರೆಯ ಹಿಂದುಗಡೆ ಒಂದು ಹೆಂಚಿನ ಕಾರ್ಖಾನೆ ಇತ್ತು. (ಮ್ಯಾಪಿನಲ್ಲಿ ಹುಡುಕಬೇಡಿ. ಅದನ್ನು ಕಟ್ಟಿದ್ದು ನಾನು, ಮುಚ್ಚಿದ್ದೂ ನಾನೇ.) ಕೆರೆಯಂಗಳದ ಜೇಡಿಮಣ್ಣನ್ನು ಗೂಡಿನ ತನಕ ಎಳೆದು ತರುವುದಕ್ಕೆ, ಬೆಂದ ಹೆಂಚನ್ನು ಸ್ಟೇಷನ್ನಿನ ತನಕ ಒಯ್ಯುವುದಕ್ಕೆ ಅಲ್ಲೊಂದು ಪುಟ್ಟ ಉಗಿ ಎಂಜಿನ್ನು. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಹಡಗಿನಲ್ಲಿ ಮದರಾಸಿಗೆ ಬಂದು, ಅಲ್ಲಿಂದ ಗೂಡ್ಸ್ ಗಾಡಿಯಲ್ಲಿ ತಾನೇ ಸಾಮಾನಾಗಿ ಯಲಹಂಕಕ್ಕೆ ಬಂದಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತಂತೆ. ಕೂಲಿಯವರು ನೋಡಿದವರೇ ಗಿಡ್ಡಿ ಎಂದರು. ಆ ಹೆಸರು ನಿಂತಿತು.

ದೊಡ್ಡ ರೈಲುಗಳ ಎಂಜಿನ್ನಿಗೆ ನೀರು, ಕಲ್ಲಿದ್ದಲು ಹೊರಲು ಬೆನ್ನ ಹಿಂದೆ ಬೇರೆ ಬಂಡಿಯೇ ಇರುತ್ತದೆ. ಗಿಡ್ಡಿಗೆ ಆ ವೈಭವವಿಲ್ಲ. ನೀರಿನ ತೊಟ್ಟಿಗಳು ಅವಳ ಮೈಗೇ ಅಂಟಿಕೊಂಡಿದ್ದವು, ಎಡಕ್ಕೊಂದು, ಬಲಕ್ಕೊಂದು. ಎರಡೂ ಸೊಂಟಕ್ಕೆ ಎರಡು ಬಿಂದಿಗೆ ಇಟ್ಟುಕೊಂಡು ನಲ್ಲಿಯಿಂದ ಬರುವ ಹೆಂಗಸಿನ ಹಾಗೆ ಇದ್ದಳು. ಅದರಿಂದ ಒಂದು ತೊಂದರೆ: ಬಹಳ ದೂರ ಹೋಗುವಂತಿಲ್ಲ. ಎರಡು ಸಲ ದಿಬ್ಬ ಹತ್ತಿಳಿದರೆ ನೀರು ಮುಗಿಯುತ್ತದೆ, ನಿಲ್ಲಬೇಕು, ತುಂಬಿಸಿಕೊಳ್ಳಬೇಕು. ಅವಳ ಇಡೀ ಆಯುಷ್ಯ ಹೀಗೆಯೇ ನಡೆಯಿತು. ಕೆರೆ, ದಿಬ್ಬ, ಗೂಡು, ಸ್ಟೇಷನ್ನು, ನೀರು, ಮತ್ತೆ ಕೆರೆ. ಹೆಬ್ಬಾಳವನ್ನೂ ಅವಳು ನೋಡಲಿಲ್ಲ. ಆದರೆ ಈ ಕಡೆಯ ಹಳೇ ಮನೆಗಳ ಮಾಡಿನ ಮೇಲೆ ಅವಳು ಹೊತ್ತ ಮಣ್ಣೇ ಇತ್ತು. ನಮ್ಮಜ್ಜನ ಮನೆಯ ಹೆಂಚಿನಲ್ಲೂ ಇದ್ದಿರಬೇಕು ಎಂದು ಬರೆಯಲು ಆಸೆಯಾಗುತ್ತಿದೆ. ನಮ್ಮಜ್ಜನದು ಸೋಗೆಯ ಗುಡಿಸಲು.

ಮಣ್ಣು ಸಿಗದ ಮಳೆಗಾಲದಲ್ಲಿ ಸೌದೆ ಎಳೆಯುತ್ತಿದ್ದಳು. ಕಾರ್ಖಾನೆಯ ಪಂಪು ಕೆಟ್ಟರೆ ಅವಳನ್ನೇ ನಿಲ್ಲಿಸಿ ಉಗಿ ಕೊಡಿಸುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಅವಳ ಶಿಳ್ಳೆ ಕೇಳಿ ಅಟ್ಟೂರಿನ ಹೊಲಗಳಲ್ಲಿ ಮುದ್ದೆ ಬಿಚ್ಚುತ್ತಿದ್ದರು. ಒಂದು ಸಲ ಮದುವೆಯ ದಿಬ್ಬಣವನ್ನೂ ಎಳೆದಳು. ಹೆಣ್ಣಿನ ಕಡೆಯವರ ಬಸ್ಸು ಕೈಕೊಟ್ಟು ಎಲ್ಲರೂ ಸ್ಟೇಷನ್ನಿನಲ್ಲಿ ಕೂತಿದ್ದಾಗ, ಮದುಮಗನೇ ಬಾಸಿಂಗ ತೆಗೆದಿಟ್ಟು ಹೋಗಿ, ಮಣ್ಣಿನ ವ್ಯಾಗನ್ನುಗಳಿಗೆ ಜಮಖಾನ ಹಾಸಿ, ಹುಡುಗಿಯನ್ನೂ ಅವಳ ಕಡೆಯವರನ್ನೂ ಕರೆದುತಂದ. ಧಾರೆಯ ಹೊತ್ತಿಗೆ ಅವನ ಪಂಚೆಯ ತುಂಬ ಮಸಿ.

ಆ ಮದುಮಗ ಮುನಿಆಂಜಿನಪ್ಪ, ಗಿಡ್ಡಿಯ ಕೊನೆಯ ಡ್ರೈವರು. ಆಶಾರಾಣಿ ಅವನ ಮಗಳು.

೫

(ಇಲ್ಲಿ ಒಂದು ಚೆಂದದ ವಿಷಯ ಬರುತ್ತದೆ. ನಾನು ಕಟ್ಟಿದ್ದಲ್ಲವೇನೋ ಎನ್ನುವಷ್ಟು ಚೆಂದ. ಸ್ವಲ್ಪ ನಿಧಾನವಾಗಿ ಓದಿ.)

ಲಾರಿಗಳು ಬಂದವು, ಗಿಡ್ಡಿ ಮೂಲೆ ಸೇರಿದಳು. ಶೆಡ್ಡಿಗೆ ಬೀಗ ಬಿತ್ತು. ಆದರೆ ಪ್ರತಿ ವರ್ಷ ಆಯುಧಪೂಜೆಗೆ ಮುನಿಆಂಜಿನಪ್ಪ ವಾಚ್‌ಮನ್ನಿಗೆ ಹೇಳಿ ಬಾಗಿಲು ತೆಗೆಸುತ್ತಿದ್ದ. ಅವಳನ್ನು ಒರೆಸಿ, ಕೀಲುಕೀಲಿಗೂ ಎಣ್ಣೆ ಬಿಟ್ಟು, ಕುಂಕುಮ ಇಟ್ಟು, ಬೂದುಗುಂಬಳ ಒಡೆದು ಬರುತ್ತಿದ್ದ. ಆ ದಿನ ಮುಟ್ಟಿ ಅಲುಗಾಡಿಸುವಂತಿಲ್ಲ. ಪೂಜೆಯ ದಿನ ಮಿಷನ್ನಿಗೆ ರಜ. ಮಾರನೆಯ ದಿನ ವಿಜಯದಶಮಿ. ಅಂದು ಹಾರೆ ತಂದು, ಚಕ್ರದ ಬುಡಕ್ಕೆ ಕೊಟ್ಟು ಮೀಟಿ, ಗಿಡ್ಡಿಯನ್ನು ಒಂದು ಗೇಣು ಮುಂದಕ್ಕೆ ಸರಿಸುತ್ತಿದ್ದ. ಒಂದೇ ಜಾಗದಲ್ಲಿ ನಿಂತರೆ ಚಕ್ರ ಹಿಡಿದುಕೊಳ್ಳುತ್ತದೆ ಎಂಬುದು ಅವನ ಲೆಕ್ಕ.

ವರ್ಷಕ್ಕೊಂದು ಗೇಣು. ಯಾರೂ ಗಮನಿಸಲಿಲ್ಲ. ಆಶಾರಾಣಿ ಚಿಕ್ಕವಳಿದ್ದಾಗ ಎಂಜಿನ್ನು ಕತ್ತಲಲ್ಲಿ ಇತ್ತು. ಅವಳು ಪಿಯುಸಿ ಮುಗಿಸುವ ಹೊತ್ತಿಗೆ ಕಿಟಕಿಯ ಬೆಳಕಿಗೆ ಬಂದಿತ್ತು. ಅವಳಿಗೆ ಮದುವೆಯಾಗಿ, ಮಗಳು ಕಾಲೇಜು ಸೇರುವ ಹೊತ್ತಿಗೆ ಗಿಡ್ಡಿಯ ಮೂತಿ ಶೆಡ್ಡಿನ ಹೊಸ್ತಿಲು ದಾಟಿತು. ಅದಾದ ಮೇಲೆ ಬಾಗಿಲು ಹಾಕಲು ಆಗಲೇ ಇಲ್ಲ.

ಹಾಗಾಗಿಯೇ ಗಿಡ್ಡಿ ಸಿಕ್ಕಿಬಿದ್ದಳು. ಕಾರ್ಖಾನೆಯ ಜಾಗವನ್ನು ಒಂದು ಅಪಾರ್ಟ್‌ಮೆಂಟ್ ಕಂಪನಿ ಕೊಂಡಿತು. ಅದರ ಪ್ರಾಜೆಕ್ಟ್ ಮ್ಯಾನೇಜರ್ ಹೇಮಂತ ಡ್ರೋನ್ ಹಾರಿಸಿದಾಗ, ಪೊದೆಯ ನಡುವಿನಿಂದ ಇಣುಕುವ ಕರಿಯ ಮೂತಿಯೊಂದು ಕಂಡಿತು. ಹೇಮಂತ ಒಳ್ಳೆಯ ಹುಡುಗ; ಹಳೆಯದನ್ನು ಕಂಡರೆ ಅವನಿಗೆ ಬಲು ಪ್ರೀತಿ. ಆ ಪ್ರೀತಿಯಲ್ಲೇ ಹೇಳಿದ: "ಸೂಪರ್ ಆಗಿದೆ. ಬಾಯ್ಲರ್‌ನ ಸೈಡಲ್ಲಿ ಕಟ್ ಮಾಡಿ ಒಳಗೆ ಕಾಫಿ ಕೌಂಟರ್ ಇಡೋಣ."

೬

ಇನ್ನು ಆಶಾರಾಣಿ. ಅಬ್ಬಿಗೆರೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಫ್ಯಾಕ್ಟರಿಯಲ್ಲಿ ಬಾಯ್ಲರ್ ಆಪರೇಟರ್. ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ಪಡೆದವಳು. ಉಗಿ ಎಂದರೆ ಏನು, ಅದು ಯಾವಾಗ ಮಾತು ಕೇಳುತ್ತದೆ, ಯಾವಾಗ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾಫಿ ಕೌಂಟರ್ ಸುದ್ದಿ ಕೇಳಿದವಳೇ ಯೂನಿಫಾರಂನಲ್ಲೇ ಹೇಮಂತನ ಆಫೀಸಿಗೆ ಬಂದಳು.

"ಕಟ್ ಮಾಡ್ಬೇಡಿ. ನಾನು ಓಡಿಸ್ತೀನಿ."

"ಮೇಡಂ, ಅದು ಓಡತ್ತಾ?"

"ನೀವು ಕೌಂಟರ್ ಇಟ್ಟಾದ್ಮೇಲೆ ಓಡಲ್ಲ."

ಮಾತಿಗೆ ಮಾತು ಬೆಳೆದು ಒಂದು ಒಪ್ಪಂದವಾಯಿತು. ಗಿಡ್ಡಿ ತನ್ನದೇ ಉಗಿಯಲ್ಲಿ, ಹಿಂದೆ ಎರಡು ವ್ಯಾಗನ್ನು ಎಳೆದುಕೊಂಡು, ಶೆಡ್ಡಿನಿಂದ ದಿಬ್ಬ ಹತ್ತಿ ಮೇಲಿನ ಗೇಟು ಮುಟ್ಟಬೇಕು. ಮುಟ್ಟಿದರೆ ಕಂಪನಿಯೇ ಕೆರೆಯ ಸುತ್ತ ಹಳಿ ಹಾಕುತ್ತದೆ, ಆಶಾರಾಣಿಯೇ ಡ್ರೈವರು. ಮುಟ್ಟದಿದ್ದರೆ ಕಾಫಿ.

ಎರಡು ವರ್ಷ ಭಾನುವಾರವೆಂದರೆ ಅವಳಿಗೆ ಶೆಡ್ಡು. ಅಪ್ಪನ ಎಣ್ಣೆಯಿಂದ ಕೀಲುಗಳು ಒಂದೂ ಹಿಡಿದಿರಲಿಲ್ಲ. ಬಾಯ್ಲರಿನ ಕೊಳವೆಗಳನ್ನು ಮಾತ್ರ ಹೊಸದಾಗಿ ಹಾಕಿಸಬೇಕಾಯಿತು. ಇನ್‌ಸ್ಪೆಕ್ಟರ್ ಬಂದು ನೀರು ತುಂಬಿ ಒತ್ತಡ ಕೊಟ್ಟು ನೋಡಿ, ಸರಿ ಇದೆ ಎಂದು ಬರೆದುಕೊಟ್ಟರು. ಬೋರ್‌ವೆಲ್ ನೀರು ಹಾಕಿದರೆ ಉಪ್ಪು ಕಟ್ಟುತ್ತದೆ ಎಂದು ಅವಳು ಮಳೆನೀರನ್ನೇ ಹಿಡಿದಿಟ್ಟಳು. (ಹೇಮಂತನ ಕಂಪನಿಯ ಬ್ರೋಷರು ಬರೆಯಲು ಹೋದ ನನಗೆ ಅವಳು ಪರಿಚಯವಾದದ್ದು ಈ ಮಳೆನೀರಿನ ಡ್ರಮ್ಮಿನ ಪಕ್ಕದಲ್ಲಿ. ನನ್ನ ಕಥೆ ಓದಿದವರು ಕಡಿಮೆ. ಬ್ರೋಷರು ಓದಿ ಸೈಟು ಕೊಂಡವರು ಸಾಕಷ್ಟಿದ್ದಾರೆ.)

ಎಲ್ಲವೂ ಸರಿಯಾಗಿತ್ತು. ದಿನ ಒಂದನ್ನು ಬಿಟ್ಟು. ಕಂಪನಿಯ ಯಜಮಾನರಿಗೆ ಬಿಡುವಿದ್ದದ್ದು ಆಯುಧಪೂಜೆಯ ದಿನ ಮಾತ್ರ.

"ಇವತ್ತು ಪೂಜೆ ಕಣವ್ವ," ಎಂದ ಮುನಿಆಂಜಿನಪ್ಪ. "ಮಿಷನ್ಗೆ ಇವತ್ತು ರಜ. ಓಡ್ಸಾದು ನಾಳೀಕೆ. ನಾನು ಒಂದು ವರ್ಸಾನೂ ಇಂಗೆ ಮಾಡ್ನಿಲ್ಲ."

"ನಾಳೆ ಅವ್ರು ಇರಲ್ಲಪ್ಪಾ."

"ಅವ್ರಿಲ್ದಿದ್ರೆ ಗಿಡ್ಡಿ ಇರಾಕಿಲ್ವಾ?"

"ಇರಲ್ಲ," ಎಂದಳು ಆಶಾರಾಣಿ. ಬೆಂಕಿಗೆ ಮೊದಲ ಸೌದೆಯನ್ನು ಮುದುಕನೇ ಇಟ್ಟ.

೭

ಬಿಸಿಲೇರುವ ಹೊತ್ತಿಗೆ ಉಗಿ ಸಿದ್ಧವಾಗಿತ್ತು. ಗಿಡ್ಡಿಯ ಮೈ ಮುಟ್ಟಿದರೆ ಬಿಸಿ, ಒಳಗಿನಿಂದ ಸಣ್ಣಗೆ ಗುನುಗು. ಆಶಾರಾಣಿಗೆ ಭಯವೂ ಇತ್ತು, ಖುಷಿಯೂ ಇತ್ತು, ಬೆಳಗ್ಗೆ ಏನೂ ತಿನ್ನದ ಹಸಿವೂ ಇತ್ತು.

ಮೇಲಿನ ಗೇಟಿನ ಹತ್ತಿರ ರಂಗೋಲಿ ನಡೆಯುತ್ತಿತ್ತು. ಅಟ್ಟೂರಿನ ಸೊಣ್ಣಮ್ಮ, ತಳ್ಳುಗಾಡಿಯಲ್ಲಿ ಬೀದಿಬೀದಿ ರಂಗೋಲಿ ಪುಡಿ ಮಾರುವವಳು, ಹೇಮಂತನ ಆರ್ಡರಿನ ಮೇಲೆ ಮೂಟೆಗಟ್ಟಲೆ ಪುಡಿ ತಂದಿದ್ದಳು. ಯಲಹಂಕ ನ್ಯೂಟೌನಿನ ಪಂಕಜಾ ಆಂಟಿ, ಬ್ಯಾಂಕಿನಿಂದ ರಿಟೈರ್ ಆದ ಮೇಲೆ ರಂಗೋಲಿ ಸ್ಪರ್ಧೆಗಳಲ್ಲಿ ಯಾರಿಗೂ ಬಹುಮಾನ ಬಿಟ್ಟುಕೊಡದವರು, ಬಗ್ಗಿ ದೊಡ್ಡ ನವಿಲೊಂದನ್ನು ಬಿಡುತ್ತಿದ್ದರು.

ಯಜಮಾನರು ಬಂದರು, ರೇಷ್ಮೆ ಪಂಚೆಯ ಇಡೀ ತಂಡ. ವ್ಯಾಗನ್ನಿನಲ್ಲಿ ಮೆತ್ತೆ ಹಾಕಿ ಅವರಿಗೇ ಜಾಗ ಮಾಡಲಾಗಿತ್ತು. ಹತ್ತುವ ಮೊದಲು ದೃಷ್ಟಿ ತೆಗೆಯಬೇಕಲ್ಲ? ಒಬ್ಬರು ಒಡೆದರೆ ಇನ್ನೊಬ್ಬರಿಗೆ ಬೇಜಾರು ಎಂದು ಹೇಮಂತ ತಲೆಗೊಂದರಂತೆ ಬೂದುಗುಂಬಳ ತರಿಸಿದ್ದ. ಒಬ್ಬೊಬ್ಬರೂ ಬಂದು, ಗಿಡ್ಡಿಯ ಮುಂದೆ, ಸರಿಯಾಗಿ ಹಳಿಯ ಮೇಲೇ ಎತ್ತಿ ಕುಕ್ಕಿದರು. ಕುಂಕುಮದ ನೀರು, ಬೀಜ, ಬಿಳಿಯ ಲೋಳೆ ತಿರುಳು. ಚಪ್ಪಾಳೆ ಬಿತ್ತು. ಮುನಿಆಂಜಿನಪ್ಪನೂ ಕೈಮುಗಿದ.

ಪ್ರಪಂಚದ ಯಾವ ರೈಲ್ವೆಯಲ್ಲೂ ಯಾರೂ ಇಂಥ ತಪ್ಪು ಮಾಡಿರಲಾರರು. ಇಷ್ಟು ವರ್ಷ ಇಲ್ಲೂ ಆಗಿರಲಿಲ್ಲ, ಏಕೆಂದರೆ ಕುಂಬಳ ಒಡೆದ ದಿನ ಗಿಡ್ಡಿ ಎಂದೂ ಓಡಿರಲಿಲ್ಲ.

ಆಶಾರಾಣಿ ಶಿಳ್ಳೆ ಹಾಕಿದಳು. ಬ್ರೇಕು ಬಿಟ್ಟು ಉಗಿಯ ಹಿಡಿಕೆ ಎಳೆದಳು. ಚಕ್ರದಡಿ ಇಟ್ಟಿದ್ದ ಪೂಜೆಯ ನಿಂಬೆಹಣ್ಣುಗಳು ಪಚಕ್ಕೆಂದವು. ಗಿಡ್ಡಿ ಎರಡು ಮಾರು ಮುಂದೆ ಬಂದಳು, ದಿಬ್ಬದ ಬುಡ ಮುಟ್ಟಿದಳು. ಆಮೇಲೆ ಚಕ್ರಗಳು ಗರಗರ ತಿರುಗಿದವು. ಗಿಡ್ಡಿ ಮಾತ್ರ ಇದ್ದಲ್ಲೇ ಇದ್ದಳು.

೮

ಇಲ್ಲಿ ನಾನು ಗಿಡ್ಡಿಯನ್ನು ನಿಲ್ಲಿಸಿ ನಿಮ್ಮ ಜೊತೆ ಮಾತಾಡಬೇಕು.

ನಿಜ ಹೇಳಲೇ? ನನಗೆ ಈ ಕಥೆಯನ್ನು ಇಲ್ಲೇ ಮುಗಿಸುವ ಆಸೆ. ಸೋತರೆ ಸಾಹಿತ್ಯ, ಗೆದ್ದರೆ ಜಾಹೀರಾತು ಎಂದು ನಂಬಿ ಬರೆದವನು ನಾನು. ಎರಡು ಕೊನೆಗಳು ಸಿದ್ಧವಾಗಿಯೂ ಇವೆ.

ಕೊನೆ ಅ: ಗಿಡ್ಡಿ ಹತ್ತುವುದಿಲ್ಲ. ಯಜಮಾನರು ಪಂಚೆ ಒದರಿಕೊಂಡು ಇಳಿಯುತ್ತಾರೆ. ಆರು ತಿಂಗಳ ಮೇಲೆ ಆಶಾರಾಣಿ ಅದೇ ಬಾಯ್ಲರಿನ ಮುಂದೆ ನಿಂತು ಕಾಫಿ ಕುಡಿಯುತ್ತಾಳೆ. ಕಾಫಿಯಿಂದ ಹಬೆ ಏಳುತ್ತದೆ. (ಹಬೆ! ನೋಡಿ, ಎಷ್ಟು ಚೆನ್ನಾಗಿದೆ.)

ಕೊನೆ ಆ: ಮುದುಕ ಅಲ್ಲಿಯೇ ಕುಸಿಯುತ್ತಾನೆ. ಅವನ ಕೊನೆಯ ಉಸಿರೂ ಗಿಡ್ಡಿಯ ಕೊನೆಯ ಉಸಿರೂ ಒಟ್ಟಿಗೆ ನಿಲ್ಲುತ್ತವೆ.

ಎರಡನ್ನೂ ಆಶಾರಾಣಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ಸ್ಪೀಕರ್ ಹಾಕಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ನನ್ನ ಯಾಕಪ್ಪ ಸಾಯಿಸ್ತೀಯ?" ಎಂದ ಮುನಿಆಂಜಿನಪ್ಪ. "ಉಣ್ಣಕ್ ಕೂತಿವ್ನಿ. ಇನ್ನೊಂದ್ ಮುದ್ದೆ ಐತೆ."

"ಸಾರ್, ಕಾಫಿ ವಿಷ್ಯಕ್ಕೆ ಬರ್ತೀನಿ," ಎಂದಳು ಆಶಾರಾಣಿ. ದನಿ ಏರಿತ್ತು. "ಎರಡು ವರ್ಷ ನಾನು ಒಂದು ಭಾನುವಾರ ಮಲಗಿಲ್ಲ. ನಮ್ ಮನೆಯವ್ರು ನಿಂಗೆ ಎಂಜಿನ್ನೇ ಗಂಡ ಅಂತ ರೇಗ್ಸಿದ್ರು. ನಾನು ಗೆದ್ದಿದೀನಿ ಸಾರ್. ನಿಮ್ ಕಣ್ಮುಂದೇನೇ ಗೆದ್ದಿದೀನಿ. ಗೆದ್ದೋಳ್ನ ಸೋಲಿಸಿ ನಿಮಗೆ ಏನು ಸಿಗತ್ತೆ?"

ಏನು ಸಿಗುತ್ತದೆ ಎಂದು ಯೋಚಿಸಿದೆ. ಒಂದು ಪ್ರಶಸ್ತಿ ಸಿಗಬಹುದಿತ್ತು. ನಾಚಿಕೆಯೂ ಆಯಿತು. ಎರಡೂ ಕೊನೆಗಳನ್ನು ಹೊಡೆದುಹಾಕಿದ್ದೇನೆ. ನೀವೂ ಓದಿಲ್ಲವೆಂದುಕೊಳ್ಳಿ.

೯

ಚಕ್ರ ತಿರುಗುತ್ತಿದ್ದಲ್ಲಿಗೆ ವಾಪಸು.

ಆಶಾರಾಣಿ ಹಿಡಿಕೆ ತಳ್ಳಿ ಉಗಿ ನಿಲ್ಲಿಸಿದಳು. ಹಿಂದೆ ಸರಿದು ವೇಗವಾಗಿ ಬರೋಣವೆಂದರೆ ವ್ಯಾಗನ್ನುಗಳ ಹಿಂದೆ ಗೋಡೆ. ಹೇಮಂತ ಪೈಪು ತಂದು ಹಳಿಗೆ ನೀರು ಬಿಟ್ಟ. ಲೋಳೆ ಇನ್ನಷ್ಟು ಹರಡಿ, ಹಳಿ ಸೋಪು ಹಚ್ಚಿದ ಬಚ್ಚಲಾಯಿತು. ಮತ್ತೊಮ್ಮೆ ಎಳೆದು ನೋಡಿದಳು. ಮತ್ತೆ ಗರಗರ. ವ್ಯಾಗನ್ನಿನಲ್ಲಿದ್ದ ಹಿರಿಯ ಯಜಮಾನರು ಗಡಿಯಾರ ನೋಡಿ, "ಏರ್‌ಪೋರ್ಟ್ ರೋಡಲ್ಲಿ ಟ್ರಾಫಿಕ್ ಹೇಗಿದೆಯಂತೆ?" ಎಂದರು.

"ಮರಳು ಕೇಳ್ತಾವ್ಳೆ ಕಣವ್ವ," ಎಂದ ಮುನಿಆಂಜಿನಪ್ಪ ಕೆಳಗಿನಿಂದ. "ಮರಳಿನ ಡಬ್ಬಿ ಬುಡು!"

ಎಂಜಿನ್ನಿನ ಮೇಲೆ ಮರಳಿನ ಡಬ್ಬಿಯೊಂದಿತ್ತು. ಚಕ್ರ ಜಾರಿದಾಗ ಅದರಿಂದ ಹಳಿಯ ಮೇಲೆ ಮರಳು ಉದುರಬೇಕು. ಆಶಾರಾಣಿ ಅದನ್ನು ತುಂಬಿಸಿದ್ದಳು. ಸರಳು ಎಳೆದಳು. ಒಂದು ಕಾಳೂ ಉದುರಲಿಲ್ಲ. ಮಳೆಗಾಲದ ತೇವಕ್ಕೆ ಮರಳು ಕೊಳವೆಯೊಳಗೆ ಕಚ್ಚಿಕೊಂಡಿತ್ತು.

"ಹುರುದು ತಾನೆ ಆಕಿದ್ದು?"

"ಏನ್ ಹುರಿಯೋದು?"

"ಮರಳು ಕಣೆ! ಪುರಿ ಹುರ್ಯಂಗೆ ಹುರುದು ಆಕ್ಬೇಕು. ಏಳ್ನಿಲ್ವಾ ನಾನು?"

"ಹೇಳಿಲ್ಲಪ್ಪಾ!"

ಮುದುಕ ಹೇಳಿರಲಿಲ್ಲ. ಅಡುಗೆಗೆ ಉಪ್ಪು ಹಾಕಬೇಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗೆ ಮರೆತಿದ್ದ. ಆಶಾರಾಣಿಗೆ ಬೆಂಕಿ ಗೊತ್ತಿತ್ತು, ನೀರು ಗೊತ್ತಿತ್ತು, ಹಳಿ ಗೊತ್ತಿರಲಿಲ್ಲ. ಬಣ್ಣದ ಫ್ಯಾಕ್ಟರಿಯ ಬಾಯ್ಲರು ಎಂದೂ ಎಲ್ಲಿಗೂ ಹೋಗುವುದಿಲ್ಲ.

ಕಟ್ಟಡ ಕಟ್ಟುವ ಜಾಗದಲ್ಲಿ ಮರಳಿಗೆ ಬರವೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ರಾಶಿ ರಾಶಿ ಎಂ-ಸ್ಯಾಂಡ್ ಇತ್ತು. ಯಜಮಾನರ ಕಣ್ಣಿಗೆ ಬೀಳಬಾರದೆಂದು ಹೇಮಂತ ಹಿಂದಿನ ದಿನ ಅಷ್ಟನ್ನೂ ಆಚೆಯ ಟವರಿನ ಹಿಂದಕ್ಕೆ ಸಾಗಿಸಿ, ಇದ್ದ ಜಾಗಕ್ಕೆ ಹಸಿರು ಕಾರ್ಪೆಟ್ ಹಾಸಿದ್ದ.

ವ್ಯಾಗನ್ನಿನಲ್ಲಿ ಒಬ್ಬರು ಎದ್ದು ನಿಂತರು. ಇಳಿದರೆ ಮುಗಿಯಿತು ಎಂದು ಆಶಾರಾಣಿಗೆ ಗೊತ್ತಾಯಿತು. ಉಗಿ ಹೆಚ್ಚಾಗಿ ಗಿಡ್ಡಿಯ ನೆತ್ತಿಯ ಕವಾಟ ಬುಸ್ಸೆಂದು ಬಿಚ್ಚಿಕೊಂಡಿತು. ಇಷ್ಟೊಂದು ಶಕ್ತಿ ಒಳಗಿಟ್ಟುಕೊಂಡು, ಕುಂಬಳಕಾಯಿಯ ತಿರುಳಿಗೆ ಸೋಲಬೇಕಲ್ಲ ಎಂದು ಅವಳಿಗೆ ಅಳುವೇ ಬಂತು. ಅಳುವನ್ನು ನುಂಗಿ ಕತ್ತೆತ್ತಿ ದಿಬ್ಬದ ಮೇಲೆ ನೋಡಿದಳು. ಗೇಟಿನ ಹತ್ತಿರ ಪಂಕಜಾ ಆಂಟಿ ನವಿಲಿನ ಗರಿಗೆ ಎಳೆ ಬಿಡುತ್ತಿದ್ದರು. ಬೆರಳ ಸಂದಿಯಿಂದ ಬಿಳಿಯ ಪುಡಿ, ಒಣಗಿದ್ದು, ನೂಲಿನಷ್ಟು ಸಣ್ಣಗೆ, ಎಲ್ಲೂ ತುಂಡಾಗದೆ ಇಳಿಯುತ್ತಿತ್ತು.

(ಇಲ್ಲಿ ಈ ಉಪಾಯ ಸೊಣ್ಣಮ್ಮನಿಗೆ ಹೊಳೆಯಲಿ ಎಂದು ನನಗೆ ಬಹಳ ಆಸೆಯಿತ್ತು. ಬಡವಿ, ಓದಿಲ್ಲ, ಆದರೂ ನೋಡಿ ಎಂದು ಓದುಗರು ಕಣ್ಣೊರೆಸಿಕೊಳ್ಳುತ್ತಾರೆ. "ಐಡಿಯಾ ನಂದು ಸಾರ್, ಅದನ್ನೂ ಕಿತ್ಕೋಬೇಡಿ," ಎಂದಳು ಆಶಾರಾಣಿ. ಸೊಣ್ಣಮ್ಮನನ್ನೂ ಕೇಳಿದೆ. "ಅಯ್ಯೋ ಬುಡಪ್ಪ, ನಾನು ಆವಾಗ ಎಲೆಅಡಿಕೆ ಆಕ್ಕಂತಿದ್ದೆ," ಎಂದಳು.)

"ಸೊಣ್ಣಕ್ಕಾ!" ಆಶಾರಾಣಿ ಶಿಳ್ಳೆಗಿಂತ ಜೋರಾಗಿ ಕೂಗಿದಳು. "ಆ ಪುಡಿ ಬೆಣಚುಕಲ್ಲಿಂದಾ?"

"ಊ ಕಣವ್ವ! ನಾನು ಕಲಬೆರಕೆ ಮಾರಾಕಿಲ್ಲ!"

"ಹಂಗಾದ್ರೆ ಅದೂ ಒಣ ಮರಳೇ! ಮೂಟೆ ತಗೊಂಡ್ ಬಾ! ಆಂಟಿ, ನೀವೂ ಬನ್ನಿ! ಹಳಿ ಮೇಲೆ ಎಳೆ ಬಿಡಿ!"

ಪಂಕಜಾ ಆಂಟಿ ಅರ್ಧ ನವಿಲಿನಿಂದ ತಲೆ ಎತ್ತಿದರು. "ಎಂಥ ಎಳೆ?"

"ಒಂದೇ ಎಳೆ. ನೆಟ್ಟಗೆ. ಇಲ್ಲಿಂದ ಗೇಟಿನ ತನಕ!"

ಮುನಿಆಂಜಿನಪ್ಪ ತಡೆದ. "ರಂಗೋಲಿ ಮ್ಯಾಗೆ ಚಕ್ರ ಅರಿಸ್ತೀಯಾ? ಲಕ್ಸ್ಮಿ ಕಣೆ ಅದು."

"ದಿನಾ ಬೆಳಗಾದ್ರೆ ತುಳ್ಯಾಕೇ ಅಲ್ವಾ ಕಣಣ್ಣ ನಾವು ಬುಡಾದು?" ಎಂದಳು ಸೊಣ್ಣಮ್ಮ. ಅಷ್ಟರಲ್ಲಿ ಅವಳು ಮೂಟೆ ಹೊತ್ತು ದಿಬ್ಬ ಇಳಿದಾಗಿತ್ತು.

೧೦

ಈಗ ನನ್ನನ್ನು ತಡೆಯಬೇಡಿ. ಈ ಭಾಗವನ್ನು ಒಂದೇ ಉಸಿರಿನಲ್ಲಿ ಬರೆಯಬೇಕೆಂದು ಇಷ್ಟು ಹೊತ್ತು ಒದ್ದಾಡಿದ್ದೇನೆ.

ಎಡದ ಹಳಿಗೆ ಸೊಣ್ಣಮ್ಮ, ಬಲದ ಹಳಿಗೆ ಪಂಕಜಾ ಆಂಟಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಹಿಡಿ ತುಂಬ ಪುಡಿ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಎಳೆ ಬಿಟ್ಟರು. ಒಬ್ಬರದು ಬೀದಿಯಲ್ಲಿ ಪುಡಿ ಮಾರಿದ ಕೈ, ಇನ್ನೊಬ್ಬರದು ಬಹುಮಾನ ಗೆದ್ದ ಕೈ. ಇಬ್ಬರ ಎಳೆಯೂ ಹಳಿಯ ನೆತ್ತಿಯ ಮೇಲೇ ಬಿತ್ತು, ಒಂದು ಕಾಳು ಆಚೆ ಹೋಗಲಿಲ್ಲ. ಆಶಾರಾಣಿ ಹಿಡಿಕೆಯನ್ನು ಕೂದಲೆಳೆಯಷ್ಟು ಎಳೆದಳು. ಗಿಡ್ಡಿ ಮುಂದೆ ಬಂದಳು. ಚಕ್ರದ ಕೆಳಗೆ ಪುಡಿ ಕರಕರ ಎಂದಿತು. ಚಕ್ರ ಕಚ್ಚಿತು.

"ಕಚ್ಕೊಂಡ್ಳು!" ಎಂದು ಕಿರುಚಿದ ಮುನಿಆಂಜಿನಪ್ಪ. "ಕಚ್ಕೊಂಡ್ಳು ಕಣವ್ವಾ! ಬುಡಬ್ಯಾಡ!"

ಚುಕ್ಕೆನ್ನುವ ಮೊದಲ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಪ್ರತಿ ಸದ್ದಿಗೂ ಹಿಂದಿನ ವ್ಯಾಗನ್ನಿನಲ್ಲಿ ಯಜಮಾನರೆಲ್ಲ ಒಟ್ಟಿಗೆ ಹಿಂದಕ್ಕೆ ವಾಲಿ ಮುಂದಕ್ಕೆ ಬಂದರು. ಎದ್ದು ನಿಂತಿದ್ದವರು ತಮಗೇ ಗೊತ್ತಿಲ್ಲದೆ ಕೂತರು. ಅರ್ಧ ದಿಬ್ಬಕ್ಕೆ ಬಿಳಿಯ ಪುಡಿ ಮುಗಿಯಿತು. "ಬಣ್ಣ ತಾ! ಬಣ್ಣ ತಾರೋ!" ಎಂದಳು ಸೊಣ್ಣಮ್ಮ. ಹೇಮಂತ ಇಸ್ತ್ರಿ ಮಾಡಿದ ಕುರ್ತಾದಲ್ಲೇ ಓಡಿಹೋಗಿ ಎರಡೂ ಕಂಕುಳಲ್ಲಿ ಬಣ್ಣದ ಚೀಲಗಳನ್ನು ತಂದ. ಕೆಂಪು, ಹಳದಿ, ನವಿಲಿಗೆಂದು ತಂದಿದ್ದ ನೀಲಿ. ಗಿಡ್ಡಿ ಕೆಂಪಿನ ಮೇಲೆ ಹತ್ತಿದಳು, ಹಳದಿಯ ಮೇಲೆ ಹತ್ತಿದಳು. ಕೆಲಸದಾಳುಗಳು ಎಲ್ಲಿದ್ದರೋ, ಟವರಿನ ಪ್ರತಿ ಮಹಡಿಯಿಂದಲೂ ಸೀಟಿ ಹೊಡೆದರು. "ಎಳಿ ಮಗಾ ಎಳಿ!" ಎಂದು ಯಾರೋ ಕೂಗಿದರು. ನಾನೇ ಕೂಗಿದ್ದೆಂದು ಆಶಾರಾಣಿ ಹೇಳುತ್ತಾಳೆ, ನನಗೆ ನೆನಪಿಲ್ಲ.

ದಿಬ್ಬದ ನೆತ್ತಿಗೆ ಬಂದಾಗ ಆಶಾರಾಣಿ ಶಿಳ್ಳೆಯ ಸರಪಳಿ ಹಿಡಿದು ಜಗ್ಗಿದಳು, ಬಿಡಲಿಲ್ಲ. ಅಷ್ಟು ಉದ್ದದ ಶಿಳ್ಳೆ ಯಲಹಂಕ ಕೇಳಿ ನಲವತ್ತು ವರ್ಷವಾಗಿತ್ತು. ಅಟ್ಟೂರಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕಿಯೊಬ್ಬಳು, "ಊಟದೊತ್ತಾಯ್ತಾ?" ಎಂದು ಎದ್ದು ಕೂತಳಂತೆ. (ಇದು ನಾನು ಸೇರಿಸಿದ್ದು. ಆಶಾರಾಣಿ ಇರಲಿ ಬಿಡಿ ಎಂದಿದ್ದಾಳೆ.)

ಗೇಟಿಗೆ ರಿಬ್ಬನ್ ಕಟ್ಟಿದ್ದರು. ಅಲ್ಲಿ ನಿಲ್ಲಬೇಕು, ಯಜಮಾನರು ಇಳಿದು ಬಂದು ಕತ್ತರಿಸಬೇಕು, ಫೋಟೊ. ಗಿಡ್ಡಿ ನಿಲ್ಲಲಿಲ್ಲ. ರಿಬ್ಬನ್ನು ಅವಳ ಮೂತಿಗೆ ಸುತ್ತಿಕೊಂಡು ಹಾಗೆಯೇ ಬಂತು. ಅರ್ಧ ನವಿಲಿನ ಪಕ್ಕದಲ್ಲಿ ಹಾದು, ಹಳೆಯ ನೀರಿನ ಕಟ್ಟೆಯ ಹತ್ತಿರ ಹೋಗಿ, ಆಶಾರಾಣಿ ಬ್ರೇಕು ಹಾಕಿದಳು.

ಹಿರಿಯ ಯಜಮಾನರು ಇಳಿದರು. ಬಿಳಿಯ ಪಂಚೆಯ ಮೇಲೆ ಮಸಿ ಬಿದ್ದಿತ್ತು. ಅದನ್ನು ಒರೆಸಲೂ ಹೋಗದೆ, "ಕೆರೆ ಸುತ್ತ ಎಷ್ಟು ದೂರ ಹಳಿ ಹಾಕಬಹುದು ಹೇಮಂತ್?" ಎಂದು ಕೇಳಿದರು. ಹೇಮಂತ ಫೋನು ತೆಗೆದು ಕಾಫಿ ಕೌಂಟರಿನವರಿಗೆ ಬರಬೇಡಿ ಎಂದ. ಅವನ ಮುಖದ ತುಂಬ ನೀಲಿ ಬಣ್ಣ.

೧೧

ಇನ್ನು ಮುಗಿಸಬೇಕು.

ಮುಗಿಸುವ ವಾಕ್ಯ ಸಿದ್ಧವಿದೆ. ಮುನಿಆಂಜಿನಪ್ಪ ಬಂದು ಮಗಳ ತಲೆಯ ಮೇಲೆ ಕೈಯಿಟ್ಟ. ವರ್ಷಕ್ಕೊಂದು ಗೇಣಿನಂತೆ ಹೊರಟ ಪ್ರಯಾಣ ಕೊನೆಗೂ ಗುರಿ ಮುಟ್ಟಿತ್ತು. ಪೂರ್ಣವಿರಾಮ.

"ಅಪ್ಪ ತಲೆ ಮೇಲೆ ಕೈ ಇಡ್ಲಿಲ್ಲ," ಎಂದಳು ಆಶಾರಾಣಿ ಫೋನಿನಲ್ಲಿ. "ಮರಳು ಹುರ್ದಿಲ್ಲ ಅಂತ ಬೈದ್ರು. ಇವತ್ತೂ ಬೈದ್ರು."

"ಏಳಿದ್ನೋ ಇಲ್ವೋ ಅನ್ನಾದು ಆಮ್ಯಾಕೆ," ಎಂದ ಹಿಂದಿನಿಂದ ಮುದುಕ. "ಕೇಳ್ಬೇಕಾಗಿತ್ತು." ಆದರೆ ಆ ದಿನ ಬೈಯುವಾಗ ಅವನ ಕಣ್ಣು ಗಿಡ್ಡಿಯ ಮೇಲಿತ್ತು, ತುಂಬಿತ್ತು. ಇದು ನಾನು ಸೇರಿಸಿದ್ದಲ್ಲ. ನಾನು ಅಲ್ಲೇ ನಿಂತಿದ್ದೆ.

"ಸರಿ. ಹಾಗಾದರೆ ಗುರಿ ಮುಟ್ಟಿದ್ದಾದರೂ ನಿಜ ತಾನೇ? ಅಲ್ಲಿಗೆ ನಿಲ್ಲಿಸುತ್ತೇನೆ."

"ನಿಲ್ಲಿಸೋದು ಡ್ರೈವರ್ ಕೆಲಸ ಸಾರ್. ನಿಮ್ದಲ್ಲ."

"ನಿಂತಿದ್ದೀಯಲ್ಲಮ್ಮ ಕಟ್ಟೆಯ ಹತ್ತಿರ!"

"ಅಯ್ಯೋ, ಎರಡು ಬಿಂದಿಗೆ ಎಂಜಿನ್ನು ಅಂತ ನೀವೇ ಬರ್ದಿದೀರ. ನೀರಿಗೆ ನಿಂತಿದೀವಿ ಅಷ್ಟೆ. ತುಂಬಿದ ತಕ್ಷಣ ಹೊರಡ್ತೀವಿ." ಇಷ್ಟು ಹೊತ್ತು ಫೋನಿನಲ್ಲಿದ್ದವಳು ಎಂಜಿನ್ನಿನಿಂದಲೇ ಬಗ್ಗಿ ದಪ್ಪ ಪೈಪೊಂದನ್ನು ನನ್ನ ಕಡೆ ಚಾಚಿದಳು. "ಸುಮ್ನೆ ನಿಂತಿದೀರಲ್ಲ, ಹಿಡ್ಕೊಳ್ಳಿ. ಎರಡೂ ಕೈಯಲ್ಲಿ. ಜಾರತ್ತೆ."

ಹಿಡಿದುಕೊಂಡಿದ್ದೇನೆ. ಮಳೆನೀರು ತಣ್ಣಗಿದೆ, ತೊಟ್ಟಿಯ ಕಬ್ಬಿಣ ಬೆಚ್ಚಗಿದೆ. ಎರಡೂ ಕೈಯಲ್ಲಿ ಪೈಪು ಇರುವುದರಿಂದ ಪೂರ್ಣವಿರಾಮ ಹಾಕಲು ಬೆರಳಿಗೆ ಬಿಡುವಿಲ್ಲ. ಸೊಣ್ಣಮ್ಮ ಉಳಿದ ಪುಡಿಯನ್ನು ಮೂಟೆ ಕಟ್ಟಿ ಎಂಜಿನ್ನಿನ ಮೇಲಿಡುತ್ತಿದ್ದಾಳೆ, ಪಂಕಜಾ ಆಂಟಿ ವ್ಯಾಗನ್ನು ಹತ್ತಿ ಮೆತ್ತೆಯ ಮೇಲೆ ಕೂತಾಯಿತು, ಆಶಾರಾಣಿಯ ಕೈ ಶಿಳ್ಳೆಯ ಸರಪಳಿಯ ಮೇಲಿದೆ, ಎಷ್ಟಾಯಿತು ಎಂದು ಕೇಳುತ್ತಿದ್ದಾಳೆ, ನಾನು ಬಗ್ಗಿ ನೋಡಿ ಹೇಳುತ್ತಿದ್ದೇನೆ, ಇನ್ನು ಸ್ವಲ್ಪವೇ ಸ್ವಲ್ಪ, ಇನ್ನೊಂದು ಗೇಣು